ಕಲ್ಲುಹೂವಿನ ಮೇಲೆ ಕೂತ ಹುಡುಗ

ಗುಬ್ಬಿಯಿಂದ ತುಮಕೂರಿಗೆ ದಿನವೂ ಓಡಾಡಿ ಬಿಇ ಓದುತ್ತಿರುವವಳು ನಾನು. ಕಳೆದ ತಿಂಗಳು ಇಂಟರ್ನ್‌ಷಿಪ್ ಕೇಳಲು ಹೋದ ಕಡೆ, ಅನುಭವ ಇದ್ದವರೇ ಬೇಕೆಂದು ವಾಪಸ್ ಕಳಿಸಿದರು. ಸಪ್ಪೆ ಮುಖ ಹೊತ್ತು ಕುಣಿಗಲ್‌ನ ಅಜ್ಜಿ ಮನೆಗೆ ಹೋದೆ. ಅಜ್ಜಿ ಬಾಡಿನ ಸಾರಿಗೆ ಮಸಾಲೆ ಹುರಿಯುತ್ತಿದ್ದಳು. ಬಾಣಲೆಯಲ್ಲಿದ್ದ ಕಲ್ಲುಹೂವು ನೋಡಿದ್ದೇ, ಲೈಬ್ರರಿಯಲ್ಲಿ ಓದಿದ್ದ ಜೋಸೆಫ್ ಡಾಲ್ಟನ್ ಹೂಕರ್ ನೆನಪಾದ.

ಹೂಕರ್ 1817ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ. ಓದಿದ್ದು ವೈದ್ಯಕೀಯ, ಮನಸ್ಸೆಲ್ಲ ಸಸ್ಯಗಳ ಮೇಲೆ. 1839ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ದಕ್ಷಿಣ ಧ್ರುವದ ಕಡೆ ಎರಡು ಹಡಗು ಹೊರಡಿಸಿದಾಗ, ನಿಸರ್ಗವಿಜ್ಞಾನಿಯ ಕೆಲಸ ಕೇಳಿದ. ಡಾರ್ವಿನ್‌ನಂಥ ಹೆಸರಾದವರು ಬೇಕು ಎಂದ ರಾಸ್. ಹಡಗು ಹತ್ತುವ ಮೊದಲು ಡಾರ್ವಿನ್‌ಗೆ ಯಾವ ಹೆಸರಿತ್ತು ಎಂದು ಹೂಕರ್ ತಿರುಗಿ ಕೇಳಿದ. ಕೊನೆಗೆ ಹಡಗಿನ ಸಹಾಯಕ ವೈದ್ಯನಾಗಿ ಸೇರಿಕೊಂಡು, ಅದರ ಜೊತೆಗೇ ಸಸ್ಯ ಸಂಗ್ರಹಿಸಿದ. ಆಗ ಅವನಿಗೆ 22 ವರ್ಷ.

1840ರ ಚಳಿಗಾಲದಲ್ಲಿ ಹಡಗು ಕೆರ್ಗುಲೆನ್ ದ್ವೀಪದಲ್ಲಿ ನಿಂತಿತು. ಮರಗಳೇ ಇಲ್ಲದ, ಬಿರುಗಾಳಿಯ ನೆಲ. ಕಲ್ಲಿಗೆ ಹೆಪ್ಪುಗಟ್ಟಿದ್ದ ಕಲ್ಲುಹೂವನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಿದ. ಬರದಿದ್ದರೆ ಮಂಜು ಕರಗುವವರೆಗೂ ಅದರ ಮೇಲೆಯೇ ಕೂತ! ಹೀಗೆ ಆ ದ್ವೀಪವೊಂದರಲ್ಲೇ ಸುಮಾರು 150 ಬಗೆಯ ಸಸ್ಯ ಕಂಡ.

1843ರ ಜನವರಿಯಲ್ಲಿ ಅಂಟಾರ್ಕ್ಟಿಕಾ ಅಂಚಿನ ಕಾಕ್‌ಬರ್ನ್ ದ್ವೀಪದಲ್ಲಿ ಸಿಕ್ಕಿದ್ದು ಹಾವಸೆ, ಪಾಚಿ, ಕಲ್ಲುಹೂವು ಮಾತ್ರ. ಅಲ್ಲಿ ಮಳೆ, ಹಿಮ ಬೀಳುವುದೇ ತೀರಾ ಕಡಿಮೆಯಾದ್ದರಿಂದ ಆ ಖಂಡ ಒಂದು ಮರುಭೂಮಿಯೇ. ತಾನಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಇಡೀ ಖಂಡದಲ್ಲಿ ಎರಡೇ. ಪಾಚಿ, ಶಿಲೀಂಧ್ರ ಕೂಡಿ ಬಾಳುವ ಕಲ್ಲುಹೂವಿಗೆ ಬೇರಿಲ್ಲ. ಒಣಗಿ ಸುಮ್ಮನಿದ್ದು, ತೇವ ಸಿಕ್ಕೊಡನೆ ಚೇತರಿಸಿಕೊಳ್ಳುತ್ತದೆ.

ಮರಳಿ ಬಂದ ಹೂಕರ್ ಆ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥ ಬರೆದ. ಡಾರ್ವಿನ್‌ಗೆ ಆಪ್ತ ಗೆಳೆಯನಾದ. 1848ರಲ್ಲಿ ಭಾರತಕ್ಕೆ ಬಂದು ಹಿಮಾಲಯ ಸುತ್ತಿದ. 1865ರಿಂದ 20 ವರ್ಷ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ನಿರ್ದೇಶಕನಾಗಿದ್ದ. ಭಾರತದ ಸಸ್ಯಗಳ ಕುರಿತ 7 ಸಂಪುಟಗಳನ್ನು 1897ರಲ್ಲಿ ಮುಗಿಸಿದಾಗ ಅವನಿಗೆ 80. ತೀರಿಕೊಂಡಿದ್ದು 1911ರಲ್ಲಿ.

ಮೊನ್ನೆ ದೇವರಾಯನದುರ್ಗ ಹತ್ತುವಾಗ ಬಂಡೆಗಳ ಮೇಲಿನ ಬೂದು ಮಚ್ಚೆಗಳನ್ನು ಮೊದಲ ಸಲ ನಿಂತು ನೋಡಿದೆ. ಇಷ್ಟು ವರ್ಷ ಅವು ಬರೀ ಕಲೆ ಎಂದುಕೊಂಡಿದ್ದೆ. ಬೆಟ್ಟ ಇಳಿದು ಬಂದು ಇನ್ನೊಂದು ಕಡೆ ಅರ್ಜಿ ಹಾಕಿದೆ. ಕೇಳಿದ ಕೆಲಸವೇ ಸಿಗಬೇಕೆಂದಿಲ್ಲ, ಮೊದಲು ಹಡಗು ಹತ್ತಬೇಕು.