ಕಲ್ಲಿಗಂಟಿದ ಮೀನಿನ ಕುಲ ಕೇಳಿದ ಹೋರಾ

ಮೊರಪ್ಪೂರು ಕಡೆಯವರಿಗೆ ಮೀನು ಅಂದರೆ ಮೊದಲು ನೆನಪಾಗುವುದು ಹೊಗೇನಕಲ್ಲಿನ ಹುರಿದ ಮೀನು, ಆಮೇಲೆ ಮೆಟ್ಟೂರು ಅಣೆಕಟ್ಟಿನದು. ಕಿಲೋಗೆ ಎಷ್ಟು, ಮುಳ್ಳು ಜಾಸ್ತಿಯೋ ಕಮ್ಮಿಯೋ ಅಂತ ವಿಚಾರಿಸಿದರೆ ನಮ್ಮ ವ್ಯಾಪಾರ ಮುಗೀತು. ಆದರೆ ಈ ಮೀನಿನ ಕುಲ ಯಾವುದು, ಇದರ ನೆಂಟರು ಎಲ್ಲೆಲ್ಲಿದ್ದಾರೆ ಅಂತ ಜೀವಮಾನವಿಡೀ ಕೇಳುತ್ತಾ ಹೋದವರೊಬ್ಬರಿದ್ದರು. ಅವರೇ ಡಾ. ಸುಂದರ್ ಲಾಲ್ ಹೋರಾ.

ಹೋರಾ ಹುಟ್ಟಿದ್ದು 1896ರ ಮೇ 22ರಂದು, ಈಗ ಪಾಕಿಸ್ತಾನಕ್ಕೆ ಸೇರಿರುವ ಹಾಫಿಜಾಬಾದಿನಲ್ಲಿ. ಲಾಹೋರಿನಲ್ಲಿ ಓದಿ, 1919ರಲ್ಲಿ ಕಲ್ಕತ್ತೆಯ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಸೇರಿದರು. ಅಲ್ಲಿ ಅವರನ್ನು ತಿದ್ದಿದವರು ಸಂಸ್ಥೆಯ ಮೊದಲ ನಿರ್ದೇಶಕ ಆನಂಡೇಲ್. ಮರುವರ್ಷವೇ ಹೋರಾ ಮಣಿಪುರದ ಹೊಳೆಗಳಿಗೆ ಬಲೆ ಹೊತ್ತು ಹೊರಟರು.

ಅವರ ಮನಸ್ಸು ಸೆಳೆದದ್ದು ದೊಡ್ಡ ಮೀನಲ್ಲ, ಬೆರಳುದ್ದದ ಬೆಟ್ಟದ ಮೀನು. ಧುಮ್ಮಿಕ್ಕುವ ನೀರಿನಲ್ಲೂ ಇದು ಬಂಡೆಗೆ ಅಂಟಿಕೊಂಡಿರುತ್ತದೆ. ಹೊಟ್ಟೆ ಚಪ್ಪಟೆ, ರೆಕ್ಕೆಗಳು ಬೀಸಣಿಗೆಯಂತೆ ಅಕ್ಕಪಕ್ಕಕ್ಕೆ ಅಗಲ. ದಕ್ಷಿಣದ ಇಂಥದೊಂದು ಮೀನನ್ನು ಜೆರ್ಡನ್ ಎಂಬ ವೈದ್ಯರು 1849ರಲ್ಲೇ ವರ್ಣಿಸಿದ್ದರು. 1920ರಲ್ಲಿ 24ರ ಹರೆಯದ ಹೋರಾ ಅದಕ್ಕೆ ಬೇರೆ ಕುಲವನ್ನೇ ಕಟ್ಟಿ ಭವಾನಿಯಾ ಎಂದು ಹೆಸರಿಟ್ಟರು. ಹೌದು, ನಮ್ಮ ಸೇಲಂ ಕೆಳಗಡೆ ಕಾವೇರಿಗೆ ಕೂಡುವ ಅದೇ ಭವಾನಿ ಹೊಳೆಯ ಹೆಸರು!

ಇಲ್ಲಿಂದಲೇ ಒಗಟು ಶುರುವಾಯಿತು. ಪಶ್ಚಿಮ ಘಟ್ಟದ ಇಂಥ ಮೀನುಗಳ ಹತ್ತಿರದ ನೆಂಟರು ಇರುವುದು ಅಸ್ಸಾಂ, ಬರ್ಮಾ, ಮಲಯದ ಬೆಟ್ಟಗಳಲ್ಲಿ. ನಡುವಿನ ಬಯಲಿನಲ್ಲಿ ಒಂದೂ ಇಲ್ಲ. ನೆಲದ ಮೇಲೆ ನಡೆಯಲಾರದ ಮೀನು ಇಷ್ಟು ದೂರ ಬಂದದ್ದು ಹೇಗೆ? 1940ರ ದಶಕದಲ್ಲಿ ಹೋರಾ ಉತ್ತರ ಕೊಟ್ಟರು. ಹಿಮಯುಗದ ಕಾಲದಲ್ಲಿ ವಿಂಧ್ಯ ಸಾತ್ಪುರ ಸಾಲಿನಲ್ಲಿ ಬೆಟ್ಟದ ಹೊಳೆಗಳು ತುಂಬಿ ಹರಿಯುತ್ತಿದ್ದವು. ಒಂದು ಹೊಳೆಯಿಂದ ಮತ್ತೊಂದಕ್ಕೆ ದಾಟುತ್ತಾ ಮೀನುಗಳು ಪಶ್ಚಿಮ ಘಟ್ಟ ಮುಟ್ಟಿದವು ಅಂತ. ಇದೇ ಸಾತ್ಪುರ ವಾದ. 1949ರಲ್ಲಿ ಇದರ ಮೇಲೆ ವಿಚಾರಗೋಷ್ಠಿಯೇ ನಡೆಯಿತು.

1947ರಲ್ಲಿ ಹೋರಾ ಸಂಸ್ಥೆಯ ನಿರ್ದೇಶಕರಾದರು. ಹಳೆಯ ಗ್ರಂಥಗಳನ್ನೂ ಬಿಡಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಗಾಳ ಹಾಕುವುದರ ಬಗ್ಗೆಯೇ ಒಂದು ಅಧ್ಯಾಯವಿದೆ. ಯಾವ ಮೀನಿಗೆ ಯಾವ ಮೇವು ಎಂಬುದೂ ಅಲ್ಲಿದೆ. 1951ರಲ್ಲಿ ಅದನ್ನು ವಿಜ್ಞಾನದ ಕಣ್ಣಿಂದ ಓದಿ ಲೋಕಕ್ಕೆ ತೋರಿಸಿದವರು ಪಂಜಾಬಿನ ಈ ಹೋರಾ. ಕನ್ನಡಿಗರು ಇದನ್ನು ಮರೆಯಬಾರದು. 1955ರ ಡಿಸೆಂಬರ್ 8ರಂದು, ಕೆಲಸದಲ್ಲಿದ್ದಾಗಲೇ, 59ನೇ ವಯಸ್ಸಿಗೆ ತೀರಿಕೊಂಡರು.

ಅವರ ಸಾತ್ಪುರ ವಾದ ಇಂದು ಬಹುಮಟ್ಟಿಗೆ ಬಿದ್ದುಹೋಗಿದೆ. ಖಂಡಗಳು ಸರಿಯುತ್ತವೆ ಎಂಬುದನ್ನು ಆ ಕಾಲದ ಬಹುಪಾಲು ವಿಜ್ಞಾನಿಗಳು ಒಪ್ಪಿರಲಿಲ್ಲ, ಡಿಎನ್‌ಎ ಪರೀಕ್ಷೆಯೂ ಇರಲಿಲ್ಲ. ಎಷ್ಟೋ ಮೀನುಗಳ ವಂಶ ಹೋರಾ ಎಣಿಸಿದ್ದಕ್ಕಿಂತ ಬಹಳ ಹಳೆಯದು ಅಂತ ಈಗ ಗೊತ್ತಾಗಿದೆ. 2018ರ ಪ್ರವಾಹದ ನಂತರ ಕೇರಳದ ಮಲಪ್ಪುರಂ ಜಿಲ್ಲೆಯ ಗದ್ದೆಯೊಂದರಲ್ಲಿ ನೆಲದಡಿಯ ನೀರಿನ ವಿಚಿತ್ರ ಮೀನು ಸಿಕ್ಕಿತು. ನಾವು ಸಂತೆಯಲ್ಲಿ ಕೊಳ್ಳುವ ವಿರಾಲ್ ಮೀನಿನ ದೂರದ ನೆಂಟ ಅದು. ಎರಡೂ ಬೇರೆಯಾಗಿ ಹತ್ತು ಕೋಟಿ ವರ್ಷ ಮೀರಿದೆ ಎನ್ನುತ್ತಾರೆ. ಅಂದರೆ ಭರತಖಂಡ ಇನ್ನೂ ಏಷ್ಯಾಕ್ಕೆ ತಾಗದ ಕಾಲ. 2020ರಲ್ಲಿ ಅದಕ್ಕೆ ಬೇರೆ ಕುಟುಂಬವನ್ನೇ ಕಟ್ಟಿದರು.

ಉತ್ತರ ತಪ್ಪಾದರೂ ಹೋರಾ ಕೇಳಿದ ಪ್ರಶ್ನೆ ನಿಂತಿತು. ಅದರ ಭಾರ ಈಗ ನಮ್ಮ ಮೇಲಿದೆ. ಹೊಳೆಯ ಮರಳು ಬಗೆದು, ಸಿಡಿಮದ್ದು ಹಾಕಿ ಹಿಡಿದು, ನಿಷೇಧವಿದ್ದರೂ ಆಫ್ರಿಕಾದ ಕೆಳುತ್ತಿಯನ್ನು ಕದ್ದು ಸಾಕಿ ಕೆರೆ ಹೊಳೆಗೆ ಬಿಟ್ಟುಕೊಂಡರೆ, ಕೋಟಿ ವರ್ಷ ಬಾಳಿದ ಕುಲ ನಮ್ಮ ಒಂದು ತಲೆಮಾರಿನಲ್ಲೇ ಅಳಿದೀತು. ಬಲೆಗೆ ಬಿದ್ದ ಬೆರಳುದ್ದದ ಮೀನಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ನಿಜ. ಅದನ್ನು ನೀರಿಗೇ ಬಿಡುವುದಕ್ಕೆ ನಮಗೇನೂ ಖರ್ಚಿಲ್ಲವಲ್ಲ!