ಮನೆ ಮಾರಿ ಮುದ್ರಣಾಲಯ ತೆರೆದ ಶರಣಜೀವಿ: ಡಾ. ಫ.ಗು. ಹಳಕಟ್ಟಿ



ಪ್ರತಿವರ್ಷ ಜುಲೈ 2 ಬಂತೆಂದರೆ ಡಾ. ಫ.ಗು. ಹಳಕಟ್ಟಿಯವರ ಭಾವಚಿತ್ರಕ್ಕೆ ಮಾಲೆ ಹಾಕಿ, ವಚನ ಪಿತಾಮಹರೆಂದು ಕೊಂಡಾಡಿ, ಸಿಹಿ ಹಂಚಿ ನಾವೆಲ್ಲ ಮನೆಗೆ ಮರಳುತ್ತೇವೆ. ಅವರು ವಚನಗಳನ್ನು ಉಳಿಸಿದರು ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಅದನ್ನು ಹೇಗೆ ಮಾಡಿದರು, ಯಾರ ಹಣದಿಂದ ಮಾಡಿದರು, ಅದಕ್ಕಾಗಿ ಏನನ್ನು ಕಳೆದುಕೊಂಡರು ಎಂಬುದನ್ನು ಕೇಳುವವರು ವಿರಳ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗಗಳಲ್ಲಿ ಇಂದು ಯುವಕ ಸಂಘಗಳಿವೆ, ಅಕ್ಕನ ಬಳಗಗಳಿವೆ, ದಾಸೋಹ ಸಮಿತಿಗಳಿವೆ, ರೋಟರಿ ಮತ್ತು ಲಯನ್ಸ್‌ನಂತಹ ಸೇವಾ ಸಂಸ್ಥೆಗಳಿವೆ. ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ತೆರಳುವ ಈ ಎಲ್ಲ ಸೇವಾಕರ್ತರ ಮುಂದೆ ಹಳಕಟ್ಟಿಯವರ ಬದುಕನ್ನು ಸಮಾಜಸೇವಕರೊಬ್ಬರ ಬದುಕಾಗಿ ಇಡಬೇಕೆಂಬುದು ನಮ್ಮ ಅಪೇಕ್ಷೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ತಾಯಿ ದಾನಮ್ಮನವರು ಮಗನ ಎಳವೆಯಲ್ಲಿಯೇ ಲಿಂಗೈಕ್ಯರಾದುದರಿಂದ ಬಾಲಕ ಅಜ್ಜಿಯ ಆಶ್ರಯದಲ್ಲಿ ಬೆಳೆಯಬೇಕಾಯಿತು. ಧಾರವಾಡದ ಶಿಕ್ಷಣದ ನಂತರ ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಗೆ ತೆರಳಿದರು. ಮುಂದೆ ಕನ್ನಡ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರ ಸ್ನೇಹ ದೊರೆತದ್ದು ಅಲ್ಲಿಯೇ. ಮರಾಠಿ ಮತ್ತು ಗುಜರಾತಿ ಸಹಪಾಠಿಗಳು ತಮ್ಮ ನುಡಿಯ ಬಗ್ಗೆ ಇರಿಸಿಕೊಂಡಿದ್ದ ಅಭಿಮಾನವನ್ನು ಕಂಡಾಗ, ನಮ್ಮ ನಾಡಿನವರು ತಮ್ಮದನ್ನು ಎಷ್ಟು ಮರೆತಿದ್ದಾರೆಂಬುದು ಆ ತರುಣನಿಗೆ ನಿಚ್ಚಳವಾಯಿತು. 1904ರಲ್ಲಿ ಕಾನೂನು ಪದವಿ ಪಡೆದು ಮೊದಲು ಬೆಳಗಾವಿಯಲ್ಲಿ, ಅನಂತರ ಅಂದಿನ ಬಿಜಾಪುರವಾದ ಇಂದಿನ ವಿಜಯಪುರದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಆ ಊರನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ವಿಜಯಪುರದ ನೆಲದ ಸ್ಥಿತಿ ನಮ್ಮ ಭಾಗದವರಿಗೆ ವಿವರಿಸಿ ಹೇಳಬೇಕಾದುದಲ್ಲ. ಮಳೆ ಬಂದರೆ ಬೆಳೆ, ಬಾರದಿದ್ದರೆ ಗುಳೆ. ಒಕ್ಕಲು ಮಕ್ಕಳಿಗೆ ಅಕ್ಷರ ದೂರ. ಸಾಲ ಬೇಕಾದರೆ ಸಾಹುಕಾರನ ಜಗಲಿಯೇ ಗತಿ. ತರುಣ ವಕೀಲರಿಗೆ ಕಕ್ಷಿದಾರರಾಗಿ ಬಂದವರಲ್ಲಿ ಇಂತಹವರೇ ಅನೇಕರು. ನ್ಯಾಯಾಲಯದಲ್ಲಿ ಒಂದು ಖಟ್ಲೆ ಗೆದ್ದುಕೊಟ್ಟರೆ ಒಂದು ಮನೆ ಉಳಿದೀತು. ಊರು ಉಳಿಯಬೇಕಾದರೆ ಶಾಲೆ ಬೇಕು, ನ್ಯಾಯವಾದ ಬಡ್ಡಿಗೆ ಸಾಲ ಬೇಕು. ಅವರ ಮುಂದಿನ ಕಾರ್ಯಗಳೆಲ್ಲ ಈ ತಿಳಿವಳಿಕೆಯ ಫಲಗಳೆಂದೇ ನಾವು ಭಾವಿಸುತ್ತೇವೆ. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆ, ಅಂದರೆ ಇಂದು ಬಿ.ಎಲ್.ಡಿ.ಇ. ಎಂದು ಪ್ರಸಿದ್ಧವಾದ ಸಂಸ್ಥೆ, ಅವರ ಮುಂದಾಳುತನದಲ್ಲಿ ಆರಂಭವಾಯಿತು. 1912ರಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕು ಕಣ್ಣು ತೆರೆಯಿತು.

ಸಹಕಾರವೆಂಬುದು ಆಗ ಹೊಸ ಮಾತು. ಸರ್ಕಾರದ ಸಹಕಾರ ಕಾಯ್ದೆ ಬಂದದ್ದು 1904ರಲ್ಲಿ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕನ್ನಡ ನಾಡಿನ ಮೊದಲ ಸಹಕಾರ ಸಂಘವನ್ನು ಕಟ್ಟಿದ್ದು 1905ರಲ್ಲಿ. ಒಬ್ಬನ ಬಳಿ ಇರುವ ಸಾವಿರದ ಬದಲು ನೂರು ಜನರ ಬಳಿ ಇರುವ ಹತ್ತು ಹತ್ತನ್ನು ಕೂಡಿಸುವುದು, ಆ ಮೊತ್ತವನ್ನು ಅಗತ್ಯವಿರುವವನಿಗೆ ಹಗುರ ಬಡ್ಡಿಗೆ ಕೊಡುವುದು, ಮರಳಿ ಬಂದುದನ್ನು ಮತ್ತೊಬ್ಬನಿಗೆ ಕೊಡುವುದು: ಇದೇ ಅದರ ತಿರುಳು. ಇದರಲ್ಲಿ ಕೊಡುವವನು ದಾನಿಯಲ್ಲ, ಪಡೆಯುವವನು ಭಿಕ್ಷುಕನಲ್ಲ. ದಾಸೋಹಕ್ಕೂ ದಾನಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದು ಹೊಸದೆನಿಸದು. ಶರಣರ ವಿಚಾರವನ್ನು ಗ್ರಂಥದಲ್ಲಿ ಪ್ರಕಟಿಸುವುದಕ್ಕೂ ಮೊದಲೇ ಹಳಕಟ್ಟಿಯವರು ಅದನ್ನು ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಬರೆದರು ಎಂದರೆ ಅತಿಶಯೋಕ್ತಿಯಾಗಲಾರದು. ಕೆಲವೇ ವರ್ಷಗಳಲ್ಲಿ, 1916ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯೂ ನಮ್ಮ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವೂ ಹುಟ್ಟಿದವು. ಒಂದೇ ಕಾಲದಲ್ಲಿ ಬೇರೆ ಬೇರೆ ಊರುಗಳ ಜನ ಒಂದೇ ಬಗೆಯಾಗಿ ಯೋಚಿಸಿದರು. ನಮ್ಮ ಭಾಗದ ಎಷ್ಟೋ ಮನೆಗಳ ಮೊದಲ ಪದವೀಧರರು ಆ ಯೋಚನೆಯ ಫಲವನ್ನು ಉಂಡವರೇ.

ಇನ್ನು ವಚನಗಳ ಕಾರ್ಯ. ವಕೀಲಿ ಆರಂಭಿಸುವ ಹೊತ್ತಿಗಾಗಲೇ ರಬಕವಿ-ಬನಹಟ್ಟಿ ಕಡೆಯ ಮನೆಯೊಂದರಲ್ಲಿ ತಾಡೋಲೆಯ ಕಟ್ಟುಗಳನ್ನು ನೋಡುವ ಯೋಗ ಅವರಿಗೆ ಒದಗಿತ್ತು. ಅಂದಿನ ಭಕ್ತರ ಮನೆಗಳಲ್ಲಿ ಇಂತಹ ಕಟ್ಟುಗಳಿಗೆ ಕೊರತೆಯಿರಲಿಲ್ಲ. ವಸ್ತ್ರದಲ್ಲಿ ಸುತ್ತಿ, ದೇವರ ಜಗುಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಪೂಜಿಸುತ್ತಿದ್ದರು. ಪೂಜೆ ತಪ್ಪುತ್ತಿರಲಿಲ್ಲ, ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಹಳಕಟ್ಟಿಯವರು ಕೋರ್ಟಿನ ಕೆಲಸದ ನಡುವೆ ಊರೂರು ತಿರುಗಿ, ಮಠಗಳಲ್ಲಿಯೂ ಮನೆಗಳಲ್ಲಿಯೂ ಬೇಡಿ, ಕೊಡಲೊಲ್ಲದವರನ್ನು ಒಲಿಸಿ, ಸಾವಿರಕ್ಕೂ ಮಿಕ್ಕು ಹಸ್ತಪ್ರತಿಗಳನ್ನು ಸಂಗ್ರಹಿಸಿದರು. ಹಣ ಬೇಡುವುದಕ್ಕಿಂತ ಇದು ಕಠಿಣ. ಹಣ ಕೊಟ್ಟವನು ನಾಳೆ ಮತ್ತೆ ಗಳಿಸಿಯಾನು. ತಾತ ಮುತ್ತಾತಂದಿರು ಪೂಜಿಸಿದ ಕಟ್ಟನ್ನು ಅಪರಿಚಿತ ವಕೀಲನ ಕೈಗಿಡಬೇಕಾದರೆ ಆ ವಕೀಲನ ಮೇಲೆ ಎಂತಹ ವಿಶ್ವಾಸವಿರಬೇಕು! ಆ ವಿಶ್ವಾಸವೇ ಅವರು ಸಂಗ್ರಹಿಸಿದ ಮೊದಲ ನಿಧಿ. ಅವರಿಗಿಂತ ಮೊದಲು ಹೆಸರು ತಿಳಿದಿದ್ದ ವಚನಕಾರರು ಐವತ್ತರ ಆಸುಪಾಸು. ಅವರ ಶ್ರಮದಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು. ದುಡಿದು ಉಣ್ಣುವ ನಾನಾ ಕಾಯಕಗಳ ಶರಣ ಶರಣೆಯರು ಕತ್ತಲೆಯಿಂದ ಬೆಳಕಿಗೆ ಬಂದರು.

ಈ ಸಂದರ್ಭದಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಕೆಲವು ವರ್ಷಗಳ ಹಿಂದೆ ಜಾತ್ರೆಗೆ ಮುಂಚೆ ನಮ್ಮ ಮಠದ ಹಳೆಯ ಮಾಳಿಗೆಯನ್ನು ದುರಸ್ತಿ ಮಾಡಿಸುವಾಗ ಅಟ್ಟದ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ದೊರೆಯಿತು. ಮುಚ್ಚಳ ತೆರೆದಾಗ ಒಳಗಿದ್ದುದು ತಾಡೋಲೆಯ ಎರಡು ಕಟ್ಟುಗಳು. ಒಂದನ್ನು ಗೆದ್ದಲು ಪೂರ್ತಿಯಾಗಿ ತಿಂದಿತ್ತು. ಎತ್ತಿದರೆ ಬೆರಳ ಸಂದಿಯಲ್ಲಿ ಪುಡಿಯಾಗಿ ಉದುರಿತು. ಇನ್ನೊಂದರಲ್ಲಿ ಕೆಲವು ಗರಿಗಳು ಮಾತ್ರ ಉಳಿದಿದ್ದವು. ಅದೇ ಮಾಳಿಗೆಯ ಕೆಳಗೆ ಕುಳಿತು ನಾವು ಎಷ್ಟೋ ಹಳಕಟ್ಟಿ ಜಯಂತಿಗಳ ಆಮಂತ್ರಣ ಪತ್ರಿಕೆಗಳನ್ನು ಬರೆದಿದ್ದೆವು. ಹಿರಿಯ ಭಕ್ತರೊಬ್ಬರನ್ನು ವಿಚಾರಿಸಿದಾಗ, ಹಿಂದೆ ಇನ್ನೂ ಕೆಲವು ಕಟ್ಟುಗಳಿದ್ದವೆಂದೂ, ಹರಿದು ಹೋಗಿವೆಯೆಂದು ಅವುಗಳನ್ನು ಭಕ್ತಿಪೂರ್ವಕವಾಗಿ ತುಂಗಭದ್ರೆಗೆ ಬಿಟ್ಟರೆಂದೂ ತಿಳಿಸಿದರು. ಅವುಗಳಲ್ಲಿ ಏನಿತ್ತೆಂಬುದು ಇನ್ನು ಯಾರಿಗೂ ತಿಳಿಯದು. ಕನ್ನಡ ಎಂ.ಎ. ಓದಿದ ನಾವೂ ಆ ಅಟ್ಟವನ್ನು ಅಷ್ಟು ವರ್ಷ ಹತ್ತಿ ನೋಡಿರಲಿಲ್ಲ.

ಹಳಕಟ್ಟಿಯವರು ಕೂಡಿಸಿದುದನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ. ಪರಿಶೋಧಿಸಿ, ಪ್ರತಿ ಮಾಡಿ, ಅಚ್ಚಿಗೆ ಸಿದ್ಧಗೊಳಿಸಿದರು. ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು. ಪರರ ಮುದ್ರಣಾಲಯವನ್ನು ನಂಬಿದರೆ ಈ ರಾಶಿ ತಮ್ಮ ಜೀವಮಾನದಲ್ಲಿ ಹೊರಬಾರದೆಂದು ಅರಿತ ಅವರು ಸ್ವಂತ ಮುದ್ರಣಾಲಯದ ಸಂಕಲ್ಪ ಮಾಡಿದರು. ಅದಕ್ಕೆ ಬೇಕಾದ ಹಣಕ್ಕಾಗಿ ವಾಸದ ಮನೆಯನ್ನೇ ಮಾರಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಹೀಗೆ ಒಂದರ ಹಿಂದೆ ಒಂದು ಬಂದವು. ಶಿವಾನುಭವವನ್ನು ಅವರು ಮೂರು ದಶಕಗಳಿಗೂ ಮಿಕ್ಕು ನಡೆಸಿದರು. ಮಾರಿದ ಮನೆಯನ್ನು ಮತ್ತೆ ಕೊಳ್ಳಲಿಲ್ಲ. ಬಾಡಿಗೆ ಮನೆಯೇ ಅವರ ಆಲಯವಾಯಿತು.

ಶಿವಾನುಭವ ಹುಟ್ಟಿದ 1926ನೆಯ ವರ್ಷವೇ ಹಳಕಟ್ಟಿಯವರನ್ನು ನಮ್ಮ ಜಿಲ್ಲೆಗೆ ಕರೆತಂದಿತು. ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳೆಲ್ಲ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು, ಬಿಜಾಪುರ ಮುಂಬಯಿ ಪ್ರಾಂತದಲ್ಲಿತ್ತು. ಒಂದೇ ನುಡಿಯ ಜನ ಎರಡು ಸರ್ಕಾರಗಳ ನಡುವೆ ಹಂಚಿಹೋಗಿದ್ದ ಆ ಕಾಲದಲ್ಲಿ ಬಳ್ಳಾರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಮನೆ ಮಾರಿ ಮುದ್ರಣಾಲಯ ತೆರೆದ ಮರುವರ್ಷವೇ ನಮ್ಮ ಹಿರಿಯರು ಅವರನ್ನು ಗೌರವಿಸಿದರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದ ಹೆಸರು ಹೊತ್ತ ಉತ್ತಂಗಿ ಚನ್ನಪ್ಪನವರನ್ನೂ ಇಲ್ಲಿ ನೆನೆಯಬೇಕು. ಕ್ರೈಸ್ತ ಪಾದ್ರಿಗಳಾಗಿದ್ದ ಅವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದರು. ಶರಣಸಾಹಿತ್ಯದಲ್ಲಿಯೂ ಆಳವಾದ ಅಧ್ಯಯನ ಮಾಡಿದರು. 1949ರಲ್ಲಿ ಕಲಬುರಗಿಯ ಸಮ್ಮೇಳನದ ಅಧ್ಯಕ್ಷರಾದರು. ಒಳ್ಳೆಯ ಕಾರ್ಯಕ್ಕೆ ಕೈ ಹಾಕುವವರನ್ನು ಯಾವ ಮತದವರೆಂದು ಕೇಳಬೇಕಾದುದಿಲ್ಲ ಎಂಬುದಕ್ಕೆ ನಮ್ಮ ನೆಲದ ನಂಟಿರುವ ಸಾಕ್ಷಿ ಅವರು.

ಹಳಕಟ್ಟಿಯವರು ಸಣ್ಣ ವಕೀಲರೇನಾಗಿರಲಿಲ್ಲ. ಸರ್ಕಾರಿ ವಕೀಲರಾಗಿದ್ದರು, ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು, ಬ್ರಿಟಿಷ್ ಸರ್ಕಾರದ ಬಿರುದುಗಳೂ ಬಂದಿದ್ದವು. ಬಯಸಿದ್ದರೆ ವಿಜಯಪುರದಲ್ಲಿ ಬಂಗಲೆ ಕಟ್ಟಬಹುದಾಗಿತ್ತು. ಆದರೆ ಊರಿನ ಜನ ಕಂಡದ್ದು ತೇಪೆ ಹಾಕಿದ ಕೋಟು ತೊಟ್ಟು ಹಳೆಯ ಸೈಕಲ್ಲಿನ ಮೇಲೆ ಓಡಾಡುವ ಹಿರಿಯರನ್ನು. ಬ್ಯಾಂಕನ್ನು ಕಟ್ಟಿದವರ ಬಳಿಯೇ ಹಣ ನಿಲ್ಲಲಿಲ್ಲ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನ ಉಳಿದಿರುವಾಗ, ಅವರು ಲಿಂಗೈಕ್ಯರಾದರು.

ಮಠದ ಕಾರ್ಯದರ್ಶಿಯಾಗಿ ಹಲವು ವರ್ಷಗಳಿಂದ ದೇಣಿಗೆ ಬೇಡುತ್ತ ಬಂದ ನಮಗೆ ಈ ಬದುಕು ಮೂರು ಮಾತುಗಳನ್ನು ಕಲಿಸಿದೆ. ಮೊದಲನೆಯದು, ಬೇಡುವವನು ಮೊದಲು ತಾನು ಕೊಟ್ಟಿರಬೇಕು. ನಮ್ಮ ಪ್ರಸಾದನಿಲಯದ ಕೋಣೆಗಾಗಿ ಪಟ್ಟಿ ಎತ್ತುವಾಗ ಸ್ಥಿತಿವಂತರೊಬ್ಬರು, ಮೊದಲು ಸಮಿತಿಯವರ ಹೆಸರಿನ ಮುಂದೆ ಎಷ್ಟಿದೆ ತೋರಿಸಿ ಎಂದು ಕೇಳಿದರು. ಆ ಪುಟ ಖಾಲಿಯಾಗಿತ್ತು. ಅಂದು ತಲೆತಗ್ಗಿಸಿ ಮರಳಿದ ನಾವು ಮರುದಿನ ಮೊದಲ ರಸೀದಿಗಳನ್ನು ನಮ್ಮ ಹೆಸರಿನಲ್ಲಿಯೇ ಹರಿದೆವು. ಎರಡನೆಯದು, ಸಾರ್ವಜನಿಕ ಹಣದ ಜಮಾ-ಖರ್ಚು ಯಾರು ಬೇಕಾದರೂ ನೋಡುವಂತಿರಬೇಕು. ಉತ್ಸಾಹದಿಂದ ಹುಟ್ಟಿದ ಸಂಘಗಳು ಎರಡು ವರ್ಷದಲ್ಲಿ ಒಡೆಯುವುದು ಹಣದ ಕೊರತೆಯಿಂದಲ್ಲ, ಲೆಕ್ಕದ ಮೇಲಿನ ಸಂಶಯದಿಂದ. ಮೂರನೆಯದು, ಕಾರ್ಯವು ವ್ಯಕ್ತಿಯ ಆಯುಷ್ಯವನ್ನು ಮೀರುವಂತಿರಬೇಕು. ಹಳಕಟ್ಟಿಯವರ ಕೋಟು ಸವೆಯಿತು, ಸೈಕಲ್ಲು ಸವೆಯಿತು. ಶಾಲೆ ಕಾಲೇಜುಗಳು, ಬ್ಯಾಂಕು, ವಚನಗಳು ಉಳಿದವು.

ಅಹಿತವೆನಿಸಿದರೂ ಹೇಳಬೇಕಾದ ಮಾತೊಂದಿದೆ. ಒಬ್ಬರು ಮನೆ ಮಾರಬೇಕಾಯಿತೆಂದರೆ ಅದರ ಅರ್ಥ, ಉಳಿದ ಸಾವಿರಾರು ಜನ ಅಷ್ಟೋ ಇಷ್ಟೋ ಕೊಡಲಿಲ್ಲವೆಂದೇ. ಅವರ ತ್ಯಾಗವನ್ನು ಹೊಗಳುವಾಗ ಅದರೊಳಗೆ ಸಮಾಜದ ಲೋಪವೂ ಇದೆ ಎಂಬುದನ್ನು ಮರೆಯಬಾರದು. ಇಂದಿಗೂ ನಮ್ಮ ಊರುಗಳಲ್ಲಿ ರಕ್ತದಾನ ಶಿಬಿರವಿರಲಿ, ನೇತ್ರ ತಪಾಸಣೆಯಿರಲಿ, ಬಡ ಮಕ್ಕಳ ಪುಸ್ತಕವಿರಲಿ, ಓಡಾಡುವವರು ಅದೇ ನಾಲ್ಕು ಜನ. ಕೊನೆಗೆ ಕಡಿಮೆ ಬಿದ್ದ ಹಣವನ್ನು ಮನೆಯಲ್ಲಿ ಹೇಳದೆ ತುಂಬುವವರೂ ಅವರೇ. ನಾಳೆ ಅವರಿಗೆ ಶಾಲು ಹೊದಿಸುವುದಕ್ಕಿಂತ ಇಂದು ಅವರ ಹೊರೆಯಲ್ಲಿ ಪಾಲು ಪಡೆಯುವುದು ಮೇಲು.

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಮನೆಯ ಜಗುಲಿಯನ್ನು, ಅಟ್ಟವನ್ನು, ಅಜ್ಜನ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ. ತಾಡೋಲೆಯಾಗಲಿ, ಕೈಬರಹದ ಹಳೆಯ ವಹಿಯಾಗಲಿ ದೊರೆತರೆ ಹೊಳೆಗೆ ಬಿಡಬೇಡಿ, ಮಠಕ್ಕೆ ತಿಳಿಸಿ. ಪ್ರತಿಯನ್ನು ಕೊಡಲು ಮನಸ್ಸಿಲ್ಲದಿದ್ದರೆ ಅದರ ಚಿತ್ರ ತೆಗೆದುಕೊಂಡು ಮೂಲವನ್ನು ನಿಮ್ಮ ಜಗುಲಿಗೇ ಮರಳಿಸುತ್ತೇವೆ. ಊರಿನ ಯುವಕ ಸಂಘದವರು ಮತ್ತು ಅಕ್ಕನ ಬಳಗದವರು ತಮ್ಮ ತಮ್ಮ ಓಣಿಯ ಮನೆಗಳಲ್ಲಿ ಈ ಕಾರ್ಯವನ್ನು ವಹಿಸಿಕೊಳ್ಳಲಿ. ನಮ್ಮ ಅಟ್ಟದಲ್ಲಿ ಉಳಿದ ಆ ಕೆಲವು ಗರಿಗಳನ್ನು ಮೊದಲ ಸೇರ್ಪಡೆಯಾಗಿ ಇರಿಸಿದ್ದೇವೆ. ಅವುಗಳ ಪಕ್ಕದ ಜಾಗವನ್ನು ನೀವು ತುಂಬಿರಿ. ಮುಂದಿನ ಜುಲೈ 2ರಂದು ಹಳಕಟ್ಟಿಯವರ ಭಾವಚಿತ್ರಕ್ಕೆ ಮಾಲೆ ಹಾಕುವಾಗ ನಮ್ಮೆಲ್ಲರ ಕೈ ಖಾಲಿಯಾಗಿರದಿರಲಿ.