ವಿಲಿಯಂ ಎಡ್ವರ್ಡ್ ಫಾರ್ಸ್ಟರ್

ಶಾಲೆಯಲ್ಲಿ ಧರ್ಮಬೋಧೆ ಇರಬಹುದು, ಆದರೆ ಬಲಾತ್ಕಾರವಿರಕೂಡದೆಂಬ ನೀತಿಯನ್ನು ಇಂಗ್ಲೆಂಡಿನಲ್ಲಿ ಶಾಸನವಾಗಿಸಿದ ಫಾರ್ಸ್ಟರ್ ಮಹಾಶಯರು 1818ರಲ್ಲಿ ಡಾರ್ಸೆಟ್ ಪ್ರಾಂತದ ಬ್ರಾಡ್‌ಪೋಲ್ ಗ್ರಾಮದಲ್ಲಿ ಕ್ವೇಕರ್ ಪಂಥದ ಮನೆತನದಲ್ಲಿ ಜನಿಸಿದರು. ಬ್ರಾಡ್‌ಫರ್ಡ್ ನಗರದಲ್ಲಿ ಉಣ್ಣೆಯ ಉದ್ಯಮ ನಡೆಸಿದರು. 1850ರಲ್ಲಿ, ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಲ್ಡರ ಪುತ್ರಿ ಜೇನ್ ಅವರನ್ನು ವರಿಸಿದರು. ವಧು ಅನ್ಯಪಂಥದವರೆಂಬ ಕಾರಣಕ್ಕೆ ಕ್ವೇಕರರು ಅವರನ್ನು ತಮ್ಮ ಸಮಾಜದಿಂದ ಹೊರಗಿಟ್ಟರು. ಮತದ ಕಟ್ಟು ಎಷ್ಟು ಬಿಗಿಯೆಂಬುದು ಅವರಿಗೆ ಗ್ರಂಥಗಳಿಂದ ತಿಳಿದುದಲ್ಲ. ಪಂಜಾಬಿನಲ್ಲಿ ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದು 1859ರಲ್ಲಿ ಗತಿಸಿದ ಪತ್ನೀಸೋದರನ ನಾಲ್ವರು ಅನಾಥ ಮಕ್ಕಳನ್ನು ದಂಪತಿಗಳು ತಮ್ಮವರಾಗಿಯೇ ಸಾಕಿದರು.

1870ರ ಪ್ರಾಥಮಿಕ ಶಿಕ್ಷಣ ಶಾಸನವನ್ನು ಮಂಡಿಸಿದವರು ಅವರೇ. ಅದರ 7ನೆಯ ವಿಧಿಯಂತೆ ಮತಬೋಧೆ ಶಾಲಾವೇಳೆಯ ಆದಿಯಲ್ಲಿ ಅಥವಾ ಅಂತ್ಯದಲ್ಲಿ ಮಾತ್ರ. ಅದರ ವೇಳಾಪಟ್ಟಿ ಕೊಠಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗಿರಬೇಕು. ತಂದೆತಾಯಿಗಳು ಬೇಡವೆಂದರೆ ಮಗುವನ್ನು ಆ ಹೊತ್ತಿಗೆ ಬಿಡಬೇಕು, ಉಳಿದ ಪಾಠಗಳಿಗೆ ಅದರಿಂದ ಚ್ಯುತಿ ಬರಕೂಡದು. ಅಕ್ಷರದಾಸೆಗಾಗಿ ಬಡವನು ತನ್ನ ಮತವನ್ನು ಒತ್ತೆಯಿಡುವ ದುರವಸ್ಥೆ ಹೀಗೆ ತಪ್ಪಿತು. ನಮ್ಮ ದೃಷ್ಟಿಯಲ್ಲಿ ಇಡೀ ಶಾಸನದ ಜೀವಾಳ ಇದೇ. ಆದರೆ ಚರ್ಚಿನ ಶಾಲೆಗಳಿಗೆ ಸಾರ್ವಜನಿಕ ಧನ ಸಲ್ಲುವುದೆಂದು ಭಿನ್ನಪಂಥೀಯರು, ಅವರಲ್ಲಿಯೂ ಸ್ವಕ್ಷೇತ್ರವಾದ ಬ್ರಾಡ್‌ಫರ್ಡಿನವರು, ಫಾರ್ಸ್ಟರರ ಮೇಲೆ ಕುಪಿತರಾದರು. 1886ರಲ್ಲಿ ಅವರು ಕಾಲವಾದರು. ಮಗುವನ್ನು ಮತಬೋಧೆಯಿಂದ ಬಿಡಿಸಿಕೊಳ್ಳುವ ಪಾಲಕರ ಹಕ್ಕು ಇಂಗ್ಲೆಂಡಿನಲ್ಲಿ ಇಂದಿಗೂ ಉಳಿದಿದೆ.